ಡೆಟ್ರಾಯ್ಟ್ ಎದ್ದಿದೆಯೇ? ಯಾವ ಬೀದಿ, ಅದನ್ನು ಮೊದಲು ಹೇಳಿ

ಪ್ರಶ್ನೆ: ಅಮೆರಿಕದ ಕಾರು ನಗರಿ ಡೆಟ್ರಾಯ್ಟ್‌ನಲ್ಲಿ ಹಾಳುಬಿದ್ದಿದ್ದ ರೈಲು ನಿಲ್ದಾಣವನ್ನು ಕಾರು ಕಂಪನಿ ಫೋರ್ಡ್ ಹೊಸದಾಗಿಸಿದೆ. ಡೆಟ್ರಾಯ್ಟ್ ಚೇತರಿಸಿಕೊಂಡಿದೆ ಎನ್ನಬಹುದೇ? ಅಲ್ಲಿ ಸಾವಿರ ಡಾಲರ್‌ಗೆ ಸಿಗುವ ಮನೆ ಕೊಳ್ಳಬಹುದೇ?

ಉತ್ತರ: ಪ್ರತಿ ಸಲವೂ ಇದೇ ನಿಲ್ದಾಣದ ಚಿತ್ರ! 2018ರಲ್ಲಿ ಕೊಂಡು 2024ರ ಜೂನ್‌ನಲ್ಲಿ ತೆರೆದರು, ಕೆಲಸ ಸೊಗಸಾಗಿದೆ. ಆದರೆ ಊರು 139 ಚದರ ಮೈಲಿ ಇದೆ. 1950ರಲ್ಲಿ ಅಲ್ಲಿ 18.5 ಲಕ್ಷ ಜನರಿದ್ದರು, 2020ರಲ್ಲಿ 6.39 ಲಕ್ಷ. 18.5 ಲಕ್ಷ ಜನಕ್ಕೆಂದು ಹಾಕಿದ ನೀರಿನ ಕೊಳವೆ, ರಸ್ತೆ, ದೀಪಗಳ ಖರ್ಚನ್ನು ಮೂರನೇ ಒಂದು ಭಾಗ ಜನ ಹೊರಬೇಕಾಯಿತು. 2013ರಲ್ಲಿ ನಗರಾಡಳಿತ ದಿವಾಳಿಯಾಗಲು ಇದೂ ದೊಡ್ಡ ಕಾರಣ.

ಚೇತರಿಕೆ ಸುಳ್ಳಲ್ಲ. 2016ರ ಕೊನೆಗೆ ಸುಮಾರು 65,000 ಹೊಸ ಎಲ್‌ಇಡಿ ಬೀದಿದೀಪಗಳು ಬಂದವು. 2023ರ ಅಂದಾಜಿನಲ್ಲಿ ಜನಸಂಖ್ಯೆ 1,852ರಷ್ಟು ಏರಿತು. 1957ರ ನಂತರ ಇದೇ ಮೊದಲ ಏರಿಕೆ. ಪೇಟೆಯ ನಡುಭಾಗದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಎರಡು ಮೈಲಿ ಆಚೆ ಹೋದರೆ ಸಾಲುಸಾಲು ಖಾಲಿ ನಿವೇಶನ. ಹಾಗಾಗಿ ಬೀದಿ ಹಿಡಿದು ಪರೀಕ್ಷಿಸಿ: ಅಲ್ಲಿನ ಮನೆಗಳು ಬ್ಯಾಂಕ್ ಸಾಲದಲ್ಲಿ ಮಾರಾಟವಾಗುತ್ತಿವೆಯೇ, ಬರೀ ನಗದಿಗೇ? ಸಾಲ ಕೊಡಲು ಬ್ಯಾಂಕು ಮುಂದೆ ಬಂದಿದ್ದರೆ ನಂಬಬಹುದು.

ಇನ್ನು ಸಾವಿರ ಡಾಲರ್ ಮನೆ. ಅದು ನಗರದ ಲ್ಯಾಂಡ್ ಬ್ಯಾಂಕ್ (ಪಾಳುಮನೆ, ಖಾಲಿ ನಿವೇಶನಗಳನ್ನು ಮಾರುವ ಸಾರ್ವಜನಿಕ ಸಂಸ್ಥೆ) ನಡೆಸುವ ಹರಾಜಿನ ಆರಂಭದ ಬೆಲೆ ಮಾತ್ರ. ಸಾಮಾನ್ಯವಾಗಿ ಆರು ತಿಂಗಳೊಳಗೆ ವಾಸಯೋಗ್ಯ ಮಾಡಬೇಕು, ತಪ್ಪಿದರೆ ಮನೆ ಕೈತಪ್ಪಿ ಹೋಗಬಹುದು. ಇಂಥ ಮನೆಗಳಲ್ಲಿ ತಾಮ್ರದ ಕೊಳವೆ, ವೈರು ಕಳುವಾಗಿರುತ್ತವೆ. ಬಿಸಿಯಿಲ್ಲದ ಚಳಿಗಾಲದಲ್ಲಿ ಉಳಿದ ಕೊಳವೆಯೂ ಒಡೆದಿರುತ್ತದೆ. ಚಾವಣಿ ಸೋರಿ ನೆಲದ ಹಲಗೆ ಕೊಳೆತಿರುತ್ತದೆ. ಹರಾಜಿಗೆ ಮೊದಲೇ ಕೊಳವೆ ಕೆಲಸದವರನ್ನೂ ಚಾವಣಿಯವರನ್ನೂ ಒಳಗೆ ಕರೆದೊಯ್ದು ಅಂದಾಜುಪಟ್ಟಿ ಬರೆಸಿಕೊಳ್ಳಿ.

ತೆರಿಗೆಯ ಲೆಕ್ಕ ಹಲವರು ಮರೆಯುತ್ತಾರೆ. ಡೆಟ್ರಾಯ್ಟ್ ಇರುವ ಮಿಷಿಗನ್ ರಾಜ್ಯದಲ್ಲಿ ಮನೆ ಕೈಬದಲಾದ ಮರುವರ್ಷ ತೆರಿಗೆ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಜಿಗಿಯುತ್ತದೆ. ಹಳೆಯ ಮಾಲೀಕರ ರಸೀದಿ ನೋಡಿ ಲೆಕ್ಕ ಹಾಕಬೇಡಿ. ನೀವೇ ವಾಸಿಸದಿದ್ದರೆ ಶಾಲಾ ತೆರಿಗೆ ಈ ತೆರಿಗೆ ಮೌಲ್ಯದ ಸಾವಿರಕ್ಕೆ 18 ಡಾಲರ್ ಹೆಚ್ಚು: ಲಕ್ಷ ಡಾಲರ್ ಮನೆಯ ತೆರಿಗೆ ಮೌಲ್ಯ 50,000, ಅದಕ್ಕೆ ವರ್ಷಕ್ಕೆ 900 ಡಾಲರ್. ಮೂರು ವರ್ಷ ಬಾಕಿ ಉಳಿಸಿಕೊಂಡರೆ ಕೌಂಟಿ (ಜಿಲ್ಲಾಡಳಿತ) ಮನೆಯನ್ನೇ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕೂತು ಫೋಟೊ ನೋಡಿ ಕೊಳ್ಳಿರೆಂದು ಹುರಿದುಂಬಿಸುವ ಯೂಟ್ಯೂಬ್ ಪಂಡಿತರು ಇದ್ಯಾವುದನ್ನೂ ಹೇಳುವುದಿಲ್ಲ. ಅವರ ಮಾತಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಪಿಟ್ಸ್‌ಬರ್ಗ್‌ನಂತೆ ಎಲ್ಲ ಉಕ್ಕಿನ ಊರುಗಳೂ ಎದ್ದೇಳಬಹುದಲ್ಲವೇ?

ಉತ್ತರ: ಇಲ್ಲ, ಪಿಟ್ಸ್‌ಬರ್ಗ್‌ಗೆ ದೊಡ್ಡ ವಿಶ್ವವಿದ್ಯಾಲಯ, ಆಸ್ಪತ್ರೆಗಳ ಆಸರೆ ಮೊದಲೇ ಇತ್ತು, ಒಹಾಯೊ ರಾಜ್ಯದ ಇನ್ನೊಂದು ಉಕ್ಕಿನ ಊರು ಯಂಗ್ಸ್‌ಟೌನ್‌ಗೆ ಆ ಗಾತ್ರದ್ದು ಇರಲಿಲ್ಲ.

ಪ್ರಶ್ನೆ: ಒಂದು ದೊಡ್ಡ ಕಾರ್ಖಾನೆ ಬಂದರೆ ಸಾಕಲ್ಲವೇ?

ಉತ್ತರ: ಒಂದೇ ಉದ್ಯಮವನ್ನು ನಂಬಿಯೇ ಈ ಊರುಗಳು ಕೆಟ್ಟದ್ದು.