ಮಾತ್ರೆಯ ಡಬ್ಬಿ ಬಚ್ಚಿಟ್ಟು ಸಂಸಾರ ಮಾಡಬಹುದೇ?

ಪ್ರಶ್ನೆ: ನನಗೆ 28 ವರ್ಷ. ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ) ಐದು ವರ್ಷದಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ. ಈಗ ಚೆನ್ನಾಗಿದ್ದೇನೆ, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. "ತಾಳಿ ಬೀಳುವವರೆಗೆ ಬಾಯಿ ಬಿಡಬೇಡ, ಕೇಳಿದರೆ ಥೈರಾಯ್ಡ್ ಮಾತ್ರೆ ಅನ್ನು" ಎನ್ನುತ್ತಾರೆ ಅಮ್ಮ. ಹಾಗೆ ಮಾಡಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ. ನಿಮ್ಮ ತಾಯಿಯ ಭಯ ಸುಳ್ಳಲ್ಲ. ಹೇಳಿದ್ದಕ್ಕೇ ಮುರಿದುಬಿದ್ದ ಸಂಬಂಧಗಳಿವೆ. ಆದರೆ ಲಿಥಿಯಂ ಗುಟ್ಟಾಗಿ ನುಂಗುವ ಮಾತ್ರೆಯಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಅದರ ಮಟ್ಟ ನೋಡಬೇಕು. ರಾತ್ರಿಯ ಮಾತ್ರೆಯಾಗಿ 12 ಗಂಟೆ ಕಳೆದ ಮೇಲೆ, ಬೆಳಗಿನದು ಇದ್ದರೆ ಅದನ್ನು ನುಂಗುವ ಮೊದಲು ರಕ್ತ ಕೊಡಬೇಕು. ಜೊತೆಗೆ ಥೈರಾಯ್ಡ್, ಕಿಡ್ನಿ ಪರೀಕ್ಷೆ. ಹೆಚ್ಚಿದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಕೈ ಸಣ್ಣಗೆ ನಡುಗುವುದು ಇದ್ದರೆ ಒಂದೇ ಮನೆಯಲ್ಲಿರುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊಸ ಮನೆಯಲ್ಲಿ ನೀರೂ ಕುಡಿಯದ ಏಕಾದಶಿ, ಉಪ್ಪಿಲ್ಲದ ವ್ರತ ಎಂದರೆ ಕಾರಣ ಹೇಳದೆ ಒಲ್ಲೆ ಎನ್ನಲಾರಿರಿ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಸೊಂಟನೋವಿಗೆಂದು ಅತ್ತೆ ಅಕ್ಕರೆಯಿಂದ ಕೊಡುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೂಡ ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ವಾಂತಿ, ಭೇದಿ, ತೊದಲು ಮಾತು, ತೂರಾಡುವ ನಡಿಗೆ, ಲೋಟ ಹಿಡಿಯಲಾಗದಷ್ಟು ನಡುಕ ಕಂಡರೆ ಲಿಥಿಯಂ ವಿಷವಾಗುತ್ತಿರಬಹುದು. ಮುಂದಿನ ಮಾತ್ರೆ ನುಂಗದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಆ ಹೊತ್ತಿನಲ್ಲಿ ಕರೆದೊಯ್ಯುವವರಿಗೆ ಮಾತ್ರೆಯ ಹೆಸರೇ ಗೊತ್ತಿರದಿದ್ದರೆ? ಇನ್ನು ಕೆಲವರು ಯಾರಾದರೂ ನೋಡಿಯಾರೆಂದು ಮದುವೆಯ ವಾರದಲ್ಲೇ ಮಾತ್ರೆ ಬಿಡುತ್ತಾರೆ. ಅದರ ಜೊತೆಗೆ ನಿದ್ದೆಯೂ ಕೆಟ್ಟರೆ ಉನ್ಮಾದ ಮರುಕಳಿಸಲು ಹೆಚ್ಚು ದಿನ ಬೇಡ.

ಹೆಣ್ಣು ನೋಡಲು ಬಂದ ದಿನವೇ ಹೇಳಬೇಕಿಲ್ಲ. ಎರಡೂ ಕಡೆ ಒಪ್ಪಿಗೆಯಾದ ಮೇಲೆ, ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಮುಂಚೆ ಹೇಳಿ. ಮೊದಲು ಹುಡುಗನಿಗೆ, ನಿಮ್ಮ ಬಾಯಿಂದಲೇ. ನೆಂಟರ ಮೂಲಕ ಹೋದರೆ ಅದು "ತಲೆ ಕೆಟ್ಟಿತ್ತಂತೆ" ಎಂದಾಗಿ ತಲುಪುತ್ತದೆ. ಕಾಯಿಲೆಯ ಹೆಸರು, ತೀರಾ ಹದಗೆಟ್ಟಾಗ ಏನಾಗಿತ್ತು, ಈಗ ಹೇಗಿದ್ದೀರಿ, ಅವರಿಂದ ಏನು ಬೇಕು, ಇಷ್ಟು ಸಾಕು. ಕೊನೆಯದನ್ನು ಬಿಡಿಸಿ ಹೇಳಿ: "ಎರಡು ರಾತ್ರಿ ಮೂರು ಮೂರೇ ಗಂಟೆ ಮಲಗಿಯೂ ನಾನು ದಣಿಯದೆ ಒಂದೇ ಸಮನೆ ಮಾತಾಡುತ್ತಿದ್ದರೆ ವಾದಕ್ಕಿಳಿಯಬೇಡಿ, ಡಾಕ್ಟರಿಗೆ ಫೋನ್ ಮಾಡಿ." ಮಕ್ಕಳಿಗೆ ಬರುತ್ತದೆಯೇ ಎಂದು ಕೇಳಿಯೇ ಕೇಳುತ್ತಾರೆ. ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಗರ್ಭಿಣಿಯಾಗುವ ಯೋಚನೆ ಮಾಡುವಾಗಲೇ ಮನೋವೈದ್ಯರನ್ನು ಕೇಳಬೇಕು ಎಂಬುದನ್ನೂ ತಿಳಿಸಿ. ಒಮ್ಮೆ ಅವರನ್ನು ನಿಮ್ಮ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಔಷಧಿ ಚೀಟಿಯ ಫೋಟೊ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಸಂಬಂಧ ಮುರಿದರೂ ಫೋಟೊ ಉಳಿದುಬಿಡುತ್ತದೆ.

ಕಾಯಿಲೆ ಇದೆ ಎಂಬುದಷ್ಟರಿಂದಲೇ ಒಬ್ಬರನ್ನು ಬುದ್ಧಿ ಸ್ಥಿಮಿತವಿಲ್ಲದವರೆಂದು ಎಣಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟರೆ ಮಾತ್ರ, ಮುಖ್ಯ ಸಂಗತಿ ಮರೆಮಾಚಿ ಒಪ್ಪಿಗೆ ಪಡೆದರೆಂದು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆ ರದ್ದತಿಗೆ ಅರ್ಜಿ ಹಾಕಲು ಎದುರಿನವರಿಗೆ ದಾರಿಯಾಗುತ್ತದೆ.

ಪ್ರಶ್ನೆ: ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ, ಮೂರು ವಾರ ರಜೆ ಬೇಕು. ಆಫೀಸಿನಲ್ಲಿ ಎಷ್ಟು ಹೇಳಲಿ?
– ಒಬ್ಬ ಓದುಗ, ಬೆಂಗಳೂರು

ಉತ್ತರ: "ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಬೇಕು" ಎಂದಷ್ಟೇ ಸರ್ಟಿಫಿಕೇಟಿನಲ್ಲಿ ಬರೆಯಲು ವೈದ್ಯರನ್ನು ಕೇಳಿ. ಎಚ್‌ಆರ್‌ನವರು ಫೋನ್ ಮಾಡಿ ವಿಚಾರಿಸಿದರೂ ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ವಿವರ ಕೊಡುವಂತಿಲ್ಲ. ಗೋಪ್ಯತೆಯ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮಿನಲ್ಲಿದೆ. ಮ್ಯಾನೇಜರ್ ಬಳಿ ಕಾಯಿಲೆಯ ಹೆಸರಿಗಿಂತ ನಿಮಗೇನು ಬೇಕೆಂಬುದನ್ನು ಹೇಳಿ: ಎರಡು ತಿಂಗಳು ನೈಟ್ ಶಿಫ್ಟ್ ಬೇಡ, ಬೆಳಗ್ಗೆ ಮಂಪರಿರುವುದರಿಂದ ಹತ್ತೂವರೆಗೆ ಬರುತ್ತೇನೆ ಎಂದು. ಮಾತಾಡಿದ ದಿನವೇ ಅದನ್ನು ಈಮೇಲ್‌ನಲ್ಲೂ ಬರೆದಿಡಿ. ಪೂರ್ತಿ ಹೇಳಲೇಬೇಕಾದ ಜಾಗ ಆರೋಗ್ಯ ವಿಮೆಯ ಅರ್ಜಿ. ಅಲ್ಲಿ ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಪ್ರಶ್ನೆ: ಮಗನಿಗೆ ಯಾರೂ ಇಲ್ಲದಾಗಲೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಗಾಳಿ ಸೋಕಿದೆ ಎನ್ನುತ್ತಾರೆ ಊರವರು. ಅವರಿಗೇನು ಹೇಳಲಿ?
– ತಂದೆ, ಕೂಡ್ಲಿಗಿ

ಉತ್ತರ: "ಮಿದುಳಿನ ಕಾಯಿಲೆ, ಔಷಧಿ ನಡೀತಿದೆ" ಎನ್ನಿ, ಮುಗಿಯಿತು. ಹರಕೆ, ಪೂಜೆ ಬೇಕಿದ್ದರೆ ನಡೆಯಲಿ. ಕಟ್ಟಿಹಾಕುವುದು, ಹೊಡೆಯುವುದು, ಮಾತ್ರೆ ನಿಲ್ಲಿಸುವುದು ಬೇಡವೇ ಬೇಡ. ಔಷಧಿ ಇನ್ನೂ ಶುರುವಾಗಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ವಿಚಾರಿಸಿ. ಧ್ವನಿಗಳು ತಗ್ಗಲು ಕೆಲವು ವಾರ ಹಿಡಿಯುತ್ತದೆ, ತಗ್ಗಿತೆಂದು ಮಾತ್ರೆ ಬಿಡಿಸಬೇಡಿ. ಅವನೆದುರಿಗೇ ಯಾರಾದರೂ ಕೇಳಿದರೆ ನೀವು ಉತ್ತರಿಸದೆ ಅವನಿಗೇ ಬಿಡಿ. "ಸಾಯಿ ಅಂತ ಹೇಳ್ತಿದೆ" ಎಂದೇನಾದರೂ ಅಂದರೆ ಕ್ಲಿನಿಕ್ಕಿನ ದಿನಕ್ಕೆ ಕಾಯದೆ, ಒಬ್ಬನೇ ಇರಲು ಬಿಡದೆ, ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಗಲಿರುಳು ಉಚಿತ, ಕನ್ನಡದಲ್ಲೇ ಮಾತಾಡಬಹುದು.