ಊಟಕ್ಕೆ ಎದ್ದಾಗ ಟೈಮರ್ ನಿಲ್ಲಿಸೋದು ಮರೆತರೆ

ಟೈಮ್‌ವಾರಿಯರ್ (ಆಜ್ಞೆ ಟೈಪ್ ಮಾಡಿ ಕೆಲಸದ ಸಮಯದ ಲೆಕ್ಕ ಇಡೋ ಸಾಫ್ಟ್‌ವೇರ್) ಬಳಸುತ್ತೀರಿ, ಊಟಕ್ಕೆ ಎದ್ದಾಗ ನಿಲ್ಲಿಸೋದು ಮರೆತು ಲೆಕ್ಕ ತಪ್ಪುತ್ತಿದೆ ಅಂದಿರಿ. ನನಗೂ ಇದೇ ಚಾಳಿ.

ಅಳಿಸಿ ಹೊಸದಾಗಿ ಬರೆಯಬೇಕಿಲ್ಲ. ಸ್ಟಾಪ್ ಆಜ್ಞೆಗೆ ಹಿಂದಿನ ಸಮಯ ಕೊಡಬಹುದು. ಮಧ್ಯಾಹ್ನ 1ಕ್ಕೆ ಊಟಕ್ಕೆ ಎದ್ದು 2ಕ್ಕೆ ವಾಪಸ್ ಬಂದಿರಿ, 3 ಗಂಟೆಗೆ ನೆನಪಾಯಿತು ಅಂದುಕೊಳ್ಳಿ. 'ಟೈಮ್‌ಡಬ್ಲ್ಯೂ ಸ್ಟಾಪ್ 13:00' (timew stop 13:00) ಅಂತ ಹೊಡೆಯಿರಿ. ಆಮೇಲೆ 'ಟೈಮ್‌ಡಬ್ಲ್ಯೂ ಸ್ಟಾರ್ಟ್ 14:00', ಮುಂದೆ ನಿಮ್ಮ ಟ್ಯಾಗ್, ಅಂದರೆ ಆ ಕೆಲಸಕ್ಕೆ ಇಟ್ಟ ಹೆಸರು. ನಡುವಿನ ಒಂದು ಗಂಟೆ ತಾನಾಗಿಯೇ ಬಿಟ್ಟುಹೋಗುತ್ತದೆ. (ಆಜ್ಞೆಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ, ಗೊತ್ತಲ್ವಾ!)

ಸಂಜೆ ನಿಲ್ಲಿಸೋದು ಮರೆತು ಮಾರನೇ ದಿನ ಗೊತ್ತಾದರೂ ಇದೇ ದಾರಿ, ಸಮಯದ ಜೊತೆ ಹಿಂದಿನ ದಿನದ ತಾರೀಖನ್ನೂ ಕೊಡಬೇಕು ಅಷ್ಟೇ. ತಡವಾಗಿ ನಿಲ್ಲಿಸಿಬಿಟ್ಟಿದ್ದರೆ ಮಾತ್ರ ದಾಖಲಾದ ಸಮಯದ ಪಟ್ಟಿ ತೋರಿಸೋ 'ಸಮ್ಮರಿ' ಆಜ್ಞೆ ಜೊತೆ ':ಐಡೀಸ್' (:ids) ಸೇರಿಸಿ ನೋಡಿ. ಪ್ರತಿ ಸಾಲಿಗೂ @1, @2 ಅಂತ ಗುರುತು ಬರುತ್ತದೆ. 'ಶಾರ್ಟನ್' ಆಜ್ಞೆಗೆ ಆ ಗುರುತನ್ನೂ ಎಷ್ಟು ಹೊತ್ತು ಅನ್ನೋದನ್ನೂ ಕೊಟ್ಟರೆ ಕೊನೆಯಿಂದ ಅಷ್ಟು ಹೊತ್ತು ಕತ್ತರಿಸುತ್ತದೆ. ಕೈತಪ್ಪಿದರೆ 'ಅನ್‌ಡೂ' ಇದೆ, ಹೆದರಬೇಡಿ.

ನಾನು ಮಾಡಿಕೊಂಡ ಉಪಾಯ: ಊಟವನ್ನೂ ಒಂದು ಟ್ಯಾಗ್ ಮಾಡಿದೆ. ಹೊಸದು ಶುರು ಮಾಡಿದರೆ ಹಳೆಯದು ತಾನೇ ನಿಲ್ಲುತ್ತದೆ. ಸ್ಟಾಪ್ ಒತ್ತೋ ಗೋಜೇ ಇಲ್ಲ. ಟ್ಯಾಗ್ ಮಾತ್ರ ಐದಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಸುಮ್ನೆ ತಲೆನೋವು.