ಮೊದಲು ಸೂರು, ಆಮೇಲೆ ಗೋಡೆ

ಓದುಗರ ಪತ್ರ: ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಹಳ್ಳಿಯಲ್ಲಿ ಜಾಗ ತಗೊಂಡು ಮನೆ ಶುರು ಮಾಡಿ ಎರಡು ವರ್ಷವಾಯಿತು. ಮೊದಲ ಮಳೆಗೇ ಪಾಯದ ಗುಂಡಿ ಕುಸಿಯಿತು. ಅಡ್ವಾನ್ಸ್ ತಗೊಂಡ ಮೇಸ್ತ್ರಿ ಗೋಡೆ ಲಿಂಟಲ್‌ವರೆಗೆ ಏರಿಸಿ ಕೈಬಿಟ್ಟ. ನಿಲ್ಲಿಸಿದ್ದ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದೆ. ‘ಮಾರಿಬಿಡಿ, ನಮ್ಮ ಹತ್ತಿರ ಫ್ಲ್ಯಾಟ್ ತಗೊಳ್ಳಿ’ ಅಂತಾರೆ ಮಕ್ಕಳು. ಈ ವಯಸ್ಸಿಗೆ ಈ ಹಟ ಬೇಕಾ?

ಸಂಪಾದಕರ ಉತ್ತರ:

ಮೇಷ್ಟ್ರೇ, ಮಕ್ಕಳ ಮಾತು ತಪ್ಪಲ್ಲ. ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಜಡಿಮಳೆಯಲ್ಲೂ ಆಂಬುಲೆನ್ಸ್ ನಿಮ್ಮ ಅಂಗಳಕ್ಕೆ ಬರುತ್ತದಾ? ಫೋನ್ ಸಿಗ್ನಲ್ ಸಿಗುತ್ತದಾ? ಇವೆರಡನ್ನು ಖಚಿತ ಮಾಡಿಕೊಳ್ಳಿ. ಅದು ಸರಿಯಿದ್ದರೆ, ದಯವಿಟ್ಟು ಮನೆ ನಿಲ್ಲಿಸಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಗೋಡೆ ಲಿಂಟಲ್‌ವರೆಗೆ ಬಂದಿದೆ. ಅಂದರೆ ಚಾವಣಿ ಇನ್ನೂ ಆಗಿಲ್ಲ! ಕೆಲಸ ನಿಂತಿದ್ದು ಎಂಥ ಒಳ್ಳೆಯ ಜಾಗದಲ್ಲಿ ಅಂತ ನಿಮಗೆ ಗೊತ್ತಾಗಿಲ್ಲ. ತಲೆ ಮೇಲೊಂದು ಸೂರು ಬೇಕು ಅಂತೀವಿ ನಾವು. ಸುತ್ತ ನಾಲ್ಕು ಗೋಡೆ ಬೇಕು ಅಂತ ಯಾರೂ ಹೇಳಲ್ಲ. ಬಿಸಿಲು, ಮಳೆ ಎರಡೂ ಜಾಸ್ತಿ ಇರುವ ನಾಡಿನಲ್ಲಿ ಹುಟ್ಟಿದ ಮಾತು ಅದು.

ಕರ್ಕಾಟಕ, ಮಕರ ವೃತ್ತಗಳನ್ನು ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಎರಡೂ ಕಡೆ 23.5 ಡಿಗ್ರಿ. ಆ ಪಟ್ಟಿಯ ಒಳಗೆ ಎಲ್ಲಿ ನಿಂತರೂ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ. ಮನೆಗೆ ಬೀಳುವ ಬಿಸಿಲಿನ ದೊಡ್ಡ ಪಾಲನ್ನು ಹೊರುವುದು ಚಾವಣಿ. ಚಪ್ಪಟೆ ಕಾಂಕ್ರೀಟ್ ತಾರಸಿ ಆ ಕಾವನ್ನು ಹಗಲೆಲ್ಲ ಕುಡಿದು, ರಾತ್ರಿ ನಿಮ್ಮ ಹಾಸಿಗೆಯ ಮೇಲೆ ಬಿಡುತ್ತದೆ. ಮೊದಲೇ ನಿದ್ದೆ ಕಡಿಮೆಯಾಗುವ ವಯಸ್ಸು ಇದು. ಮಳೆ ಬಂದರೆ ಅದೇ ತಾರಸಿಯಲ್ಲಿ ನೀರು ನಿಂತು, ಎಲ್ಲೋ ಒಂದು ಕೂದಲೆಳೆ ಬಿರುಕಿನಿಂದ ಒಳಗಿನ ಕಂಬಿಗೆ ತುಕ್ಕು ಹತ್ತುತ್ತದೆ. ಆಮೇಲೆ ಸೋರದಿರಲಿ ಅಂತ ಅದರ ಮೇಲೊಂದು ತಗಡಿನ ಶೀಟು ಹಾಕುತ್ತಾರೆ. ಒಂದೇ ಮನೆಗೆ ಎರಡು ಚಾವಣಿಯ ಖರ್ಚು. ಇಳಿಜಾರು ಮಾಡಿ ಹೆಂಚು ಹೊದಿಸಿ, ಗೋಡೆಯಿಂದ ಮೂರಡಿ ಸೂರು ಚಾಚಿಸಿದರೆ ಮಳೆನೀರು ಗೋಡೆಗೇ ತಾಗದೆ ಜಾರಿ ಹೋಗುತ್ತದೆ. ಗಾಳಿ ಜೋರಾಗಿರುವ ಜಾಗವಾದರೆ ಅಷ್ಟು ಉದ್ದದ ಸೂರನ್ನು ಗಾಳಿ ಎತ್ತಿಬಿಡಬಹುದು. ತೊಲೆಗಳನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಲು ಹೇಳಿ.

ಇನ್ನು ವಯಸ್ಸಿನ ಮಾತು. ವಾಸ್ತುಶಿಲ್ಪಿ ಲಾರಿ ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ತಿರುವನಂತಪುರದ ಒಂದು ಕಲ್ಲುಗುಡ್ಡದ ಓರೆಯಲ್ಲಿ ಅವರು ತಮ್ಮ ಸ್ವಂತ ಮನೆಗೆ ಕೈ ಹಾಕಿದ್ದು 50 ದಾಟಿದ ಮೇಲೆ. ಅದೂ ಒಂದೇ ಸಲಕ್ಕೆ ಕಟ್ಟಿ ಗೃಹಪ್ರವೇಶ ಮಾಡಿದ ಮನೆಯಲ್ಲ. ಒಂದು ಕೋಣೆ, ಆಮೇಲೆ ಇನ್ನೊಂದು, ಹೀಗೆ ವರ್ಷಗಟ್ಟಲೆ ಬೆಳೆಯಿತು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಊರಿನಲ್ಲೇ ಇದ್ದರು. ಶ್ರೀಲಂಕಾದ ಜೆಫ್ರಿ ಬಾವಾ ಮೊದಲು ವಕೀಲ, ಆಮೇಲೆ ವಾಸ್ತುಶಿಲ್ಪಿ. 1948ರಲ್ಲಿ ಬೆಂತೋಟ ಹತ್ತಿರ ಕೆರೆಯಂಚಿನ ಒಂದು ಹಳೆ ತೋಟ ಕೊಂಡರು. ಅಲ್ಲಿ ಗೋಡೆ ತೆಗೆಯುವುದು, ಜಗಲಿ ಕೂಡಿಸುವುದು, ಮರದ ಕೊಂಬೆ ಬಾಗಿಸುವುದು ಐವತ್ತು ವರ್ಷ ನಡೆಯಿತು. ನಿಮ್ಮದು ಎರಡು ವರ್ಷಕ್ಕೆ ಮುಗಿಯಲಿಲ್ಲ ಅಂತ ಕೊರಗುತ್ತೀರಲ್ಲ, ಮೇಷ್ಟ್ರೇ!

ಇನ್ನೊಂದು ಮನೆ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಲೇಖಕ ಸ್ಟೀವನ್‌ಸನ್ ಕಾಯಿಲೆಯ ದೇಹ ಹೊತ್ತು 1890ರ ಸುಮಾರಿಗೆ ಸಮೋವಾ ದ್ವೀಪದಲ್ಲಿ ಮನೆ ಕಟ್ಟಿಸಿದ. ಆ ಸೆಖೆಯ ನಾಡಿನಲ್ಲಿ ಮನೆಯೊಳಗೆ ಬೆಂಕಿ ಕಾಯಿಸುವ ಗೂಡು ಇಟ್ಟ, ಅದಕ್ಕೊಂದು ಚಿಮಣಿ ಕೂಡ! ಅವನ ಮೇಲೆ ನನಗೆ ಸಿಟ್ಟಿಲ್ಲ. ತಾಯ್ನಾಡಿನ ನೆನಪಿಗೆ ಇಟ್ಟುಕೊಂಡಿದ್ದಾನು. ಆದರೆ ನಾವು? ಇಲ್ಲೇ ಹುಟ್ಟಿ ಬೆಳೆದವರು, ಪಶ್ಚಿಮಕ್ಕೆ ನೆಲದಿಂದ ಚಾವಣಿವರೆಗೆ ಗಾಜು ಹಾಕಿಸುತ್ತೇವೆ. ಇಳಿಬಿಸಿಲು ಅಡ್ಡಡ್ಡವಾಗಿ ಒಳಗೆ ನುಗ್ಗುತ್ತದೆ. ಅದಕ್ಕೆ ಪರದೆ ಎಳೆದು ಎಸಿ ಹಾಕುತ್ತೇವೆ. ಮನೆಯ ಪ್ಲಾನ್ ಬರೆಯುವವರಲ್ಲಿ ಎಷ್ಟು ಜನ ಆ ಸೈಟಿಗೆ ಮಳೆಯಲ್ಲಿ ಹೋಗಿದ್ದಾರೆ? ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಪಕ್ಕದ ಮನೆಯ ಅಜ್ಜಿಯನ್ನು ಎಷ್ಟು ಜನ ಕೇಳಿದ್ದಾರೆ? ಸೂರು ಚಾಚಿದರೆ ‘ಹಳೇ ಕಾಲದ್ದು’ ಅಂತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಗೆದ್ದಲಿನ ಬಗ್ಗೆ ನಾನೇ ಕಂಡದ್ದು ಹೇಳುತ್ತೇನೆ. ನನ್ನ ಸ್ನೇಹಿತರೊಬ್ಬರ ಮನೆಗೂ ಹೀಗೇ ಆಗಿತ್ತು. ವಯಸ್ಸಾದ ಬಡಗಿಯೊಬ್ಬರು ಬಂದು ಚೌಕಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳ ಗೆಣ್ಣಿನಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತಾ ಹೋದರು. ಒಂದು ಕಡೆ ಟೊಳ್ಳು ಸದ್ದು ಬಂತು. ಹೆಬ್ಬೆರಳಿಟ್ಟು ಒತ್ತಿದರು. ಬಣ್ಣದ ಪದರ ಮುರಿದು ಬೆರಳು ಒಳಗೇ ಹೋಯಿತು, ಒಳಗೆ ಬರೀ ಮಣ್ಣು. ಇನ್ನೊಂದು ಕಂಬಕ್ಕೆ ಬಡಿದರು, ಗಟ್ಟಿ ಸದ್ದು. ‘ಇದು ಚೇಗು, ಮರದ ಒಳಗಿನ ಗಟ್ಟಿ ಭಾಗ. ಇದನ್ನ ಗೆದ್ದಲು ಮುಟ್ಟಿಲ್ಲ ನೋಡಿ’ ಅಂದರು. ಮೋಸವಾಗಿದ್ದು ಮರ ಕೊಳ್ಳುವಾಗ. ಹೊರಗಿನ ಬಿಳಿ ಭಾಗವನ್ನು ಬಣ್ಣ ಬಳಿದು ಮಾರಿದ್ದರು. ನಿಮ್ಮ ಚೌಕಟ್ಟನ್ನೂ ಹೀಗೇ ಬಡಿಸಿ ನೋಡಿ. ಹಾಳಾದದ್ದನ್ನು ಮಾತ್ರ ಕಿತ್ತು ಹಾಕಿ. ನೆಲದಿಂದ ಗೋಡೆಗೆ ಹತ್ತಿದ ಮಣ್ಣಿನ ಗೆರೆ ಕಾಣುತ್ತದಲ್ಲ, ಅದೇ ಗೆದ್ದಲಿನ ದಾರಿ. ಅದನ್ನು ಕೆರೆದು ತೆಗೆದರೆ ಸಾಲದು, ಬುಡದ ಮಣ್ಣಿಗೇ ಔಷಧಿ ಹಾಕಿಸಬೇಕು. ಅದೂ ನೆಲಹಾಸು ಹಾಕುವ ಮೊದಲು. ನಿಮಗೆ ಆ ಅವಕಾಶ ಇನ್ನೂ ಇದೆ.

ಮೇಸ್ತ್ರಿಗೆ ಕೊಟ್ಟ ದುಡ್ಡು ಹೋಯಿತು ಅಂದುಕೊಳ್ಳಿ. ಮುಂದಿನವರಿಗೆ ಮುಗಿದ ಕೆಲಸ ಅಳೆದು ದುಡ್ಡು ಕೊಡಿ, ಮುಂಗಡ ಕೊಡಬೇಡಿ. ಕೆಲಸ ನಿಂತದ್ದರಿಂದ ಪಾಯಕ್ಕಂತೂ ಲಾಭವೇ. ಪಾಯದೊಳಗೆ ತುಂಬಿದ ಮಣ್ಣು ಮಳೆಗೆ ನೆನೆದು ಕೂತಿರುತ್ತದೆ, ನಾಳೆ ನೆಲ ಕುಸಿಯುವ ಭಯ ಕಡಿಮೆ. ಹೊರಗೆ ಬಿಟ್ಟಿರುವ ಕಂಬಿಯ ತುಕ್ಕು ಪದರು ಪದರಾಗಿ ಏಳುತ್ತಿದ್ದರೆ ಮಾತ್ರ ಒಬ್ಬ ಇಂಜಿನಿಯರ್‌ಗೆ ತೋರಿಸಿ. ಬಚ್ಚಲಿಗೆ ಹೊಸಿಲು ಬೇಡ, ಬಾಗಿಲು ಮೂರಡಿ ಅಗಲ ಇರಲಿ. ಬಾವಾ ಅವರಿಗೆ 1998ರಲ್ಲಿ ಪಾರ್ಶ್ವವಾಯು ಹೊಡೆಯಿತು. ಅಂಥ ದಿನ ಬಂದರೂ ಮನೆ ನಮ್ಮನ್ನು ಹೊರಗೆ ಹಾಕಬಾರದು.

‘ಈ ವಯಸ್ಸಿಗೆ’ ಅನ್ನುವ ಮಾತು ನಿಮ್ಮ ಪತ್ರದಲ್ಲಿ ಬಂದಿದ್ದು ನನಗೆ ಸರಿ ಬರಲಿಲ್ಲ. ಅರವತ್ತು ದಾಟಿದವರಿಗೆ ನಾವು ಕೊಡುವ ಸಲಹೆಗಳನ್ನೇ ನೋಡಿ: ಕಡಿಮೆ ಮಾಡಿ, ಮಾರಿ, ಹತ್ತಿರ ಬನ್ನಿ, ಸುಮ್ನೆ ಕೂತ್ಕೊಳ್ಳಿ. ನಲವತ್ತು ವರ್ಷ ತರಗತಿ ನಡೆಸಿದವರಿಗೆ ಒಂದು ಮನೆ ಕೆಲಸ ನಡೆಸುವುದು ಗೊತ್ತಿಲ್ಲವೇ?

ಮುಂದಿನ ದೊಡ್ಡ ಮಳೆಗೆ ಕೊಡೆ ಹಿಡಿದು ಸೈಟಿನಲ್ಲಿ ಒಂದು ಗಂಟೆ ನಿಲ್ಲಿ. ಜೊತೆಗೆ ಹತ್ತು ಗೂಟ ತಗೊಂಡು ಹೋಗಿ, ನೀರು ಎಲ್ಲೆಲ್ಲಿ ಹರಿಯುತ್ತದೋ ಅಲ್ಲಿ ಹೊಡೆಯಿರಿ. ಪಾಯ ಕುಸಿದ ಮೂಲೆಯಿಂದಲೇ ಶುರು ಮಾಡಿ, ಚರಂಡಿ ತೋಡಬೇಕಾದ್ದು ಅಲ್ಲೇ. ಗೂಟ ಹೊಡೆದ ಮೇಲೆ ಒಂದು ನಕ್ಷೆ ಬರೆದು ನನಗೆ ಕಳಿಸಿ. ಚಾವಣಿಯ ಇಳಿಜಾರು ಯಾವ ಕಡೆ ಅಂತ ಆಮೇಲೆ ಮಾತಾಡೋಣ.